ಉಲಾಯುಕ್ ಅತ್ತೆಯೂ ಗೇರಿಗೆ ಬೀಳದ ಬೈಕೂ

ನಮ್ಮೂರಿನಲ್ಲಿ ಕೆಟ್ಟುನಿಂತ ಬೈಕುಗಳೆಲ್ಲ ಕೊನೆಗೆ ಬಂದು ಸೇರುವುದು ಉಲಾಯುಕ್‌ನ ಮನೆಯ ಹಿತ್ತಿಲಿಗೆ. ಉತ್ತರ ಧ್ರುವದ ಕಡೆಯ ಬಾಫಿನ್ ದ್ವೀಪದ ಈ ತೀರದಿಂದ ಹೊರಗೆ ಹೋಗುವ ರಸ್ತೆಯೇ ಇಲ್ಲ. ಹಿಮ ಕರಗಿತೆಂದರೆ ಮೀನಿಗೆ, ಹಣ್ಣು ಕೀಳುವುದಕ್ಕೆ, ಅಂಗಡಿಗೆ, ಇಗರ್ಜಿಗೆ, ಎಲ್ಲಕ್ಕೂ ಆ ನಾಲ್ಕು ದಪ್ಪ ಚಕ್ರದ ಬೈಕೇ ಗತಿ. ಹಾಗಾಗಿ ಬೇಸಿಗೆಯಲ್ಲಿ ಉಲಾಯುಕ್‌ನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಗುಡಾಣದಂಥ ಹೊಟ್ಟೆ, ಗ್ರೀಸು ಹತ್ತಿದ ಟೋಪಿ, ಊರ ಆಚೆ ತುದಿಗೂ ಕೇಳುವ ದನಿ. ಇಂಜಿನ್ನಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ತಕ್ಷಣ ತೀರ್ಪು ಕೊಡುತ್ತಿದ್ದ. ಆ ತೀರ್ಪು ಬಹುಮಟ್ಟಿಗೆ ತಪ್ಪಾಗಿರುತ್ತಿತ್ತು. ಎರಡನೆಯದೂ ತಪ್ಪಾಗಿರುತ್ತಿತ್ತು. ಆದರೆ ಬೈಕು ಸರಿಯಾಗದೆ ಅವನ ಹಿತ್ತಿಲು ಬಿಟ್ಟು ಹೋದದ್ದಿಲ್ಲ. "ಗೊತ್ತಿಲ್ಲ" ಎಂಬ ಮಾತನ್ನು ಅವನ ಬಾಯಿಂದ ಯಾರೂ ಕೇಳಿದವರಿಲ್ಲ. "ನನ್ನ ತಪ್ಪು" ಎನ್ನುವುದಂತೂ ದೂರವೇ ಉಳಿಯಿತು.

ಇಂಥ ಗಂಡಾಳನ್ನು ಎಪ್ಪತ್ತು ದಾಟಿದ ಆಫಿಯಾ "ಅತ್ತೆ" ಎಂದು ಕರೆಯುತ್ತಿದ್ದಳು. ತಮಾಷೆಗಲ್ಲ. ಅವಳ ಗಂಡನ ತಾಯಿ ಉಲಾಯುಕ್ ತೀರಿಕೊಂಡ ಚಳಿಗಾಲದಲ್ಲೇ ಪಕ್ಕದ ಮನೆಯಲ್ಲಿ ಗಂಡುಕೂಸು ಹುಟ್ಟಿತ್ತು. ಹೋದವಳ ಹೆಸರನ್ನು ಬಂದವನಿಗೆ ಇಟ್ಟರು. ನಮ್ಮಲ್ಲಿ ಹೆಸರು ಬಂದರೆ ಅದರ ಬೆನ್ನಿಗೇ ನಂಟೂ ಬರುತ್ತದೆ. ಅಂದಿನಿಂದ ಆ ಕೂಸು ಆಫಿಯಾಳಿಗೆ ಅತ್ತೆ, ಅವಳು ಅದಕ್ಕೆ ಸೊಸೆ. ಅತ್ತೆಗೆ ಹಲ್ಲು ಬರುವ ಮೊದಲೇ ಸೊಸೆ ಮೀನು ಅಗಿದು ತಿನ್ನಿಸಿದಳು. ಅತ್ತೆ ಉಚ್ಚೆ ಹೊಯ್ದುಕೊಂಡರೆ ಚಡ್ಡಿ ಬದಲಿಸಿದಳು. ಬದುಕಿದ್ದಾಗ ಆ ಹಿರಿಯ ಉಲಾಯುಕ್ ಬಲು ಬಿರುಸಿನ ಹೆಂಗಸು. ಸೊಸೆ ಹೊಲಿದ ಸೀಲ್ ಚರ್ಮದ ಬೂಟನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಮಾತೂ ಆಡದೆ ಹೊಲಿಗೆಯನ್ನು ಪೂರ್ತಿ ಬಿಚ್ಚಿ ವಾಪಸು ಕೊಡುತ್ತಿದ್ದಳಂತೆ. ತನ್ನ ಹೊಲಿಗೆಯೇ ಬಿಟ್ಟುಕೊಂಡಾಗ ಮಾತ್ರ ಚರ್ಮವನ್ನು ಬೈಯುತ್ತಿದ್ದಳಂತೆ.

"ಈಗಿನ ಅತ್ತೆ ಪರವಾಗಿಲ್ಲ," ಎನ್ನುತ್ತಿದ್ದಳು ಆಫಿಯಾ. "ಬೈಗುಳ ಅಷ್ಟೇ ಇದೆ, ಜೊತೆಗೆ ಬೈಕು ರಿಪೇರಿನೂ ಆಗುತ್ತೆ."

ಹೋದ ಆಗಸ್ಟಿನಲ್ಲಿ ಇಬ್ಬರೂ ನದಿಯ ಬಾಯಿಗೆ ಬಲೆ ಹಾಕಲು ಹೋಗಿದ್ದರು. ಆಫಿಯಾ ತನ್ನ ಕೆಂಪು ಬೈಕಿನಲ್ಲಿ, ಉಲಾಯುಕ್ ಅವನದರಲ್ಲಿ. ಬಲೆಗೆ ಕೆಂಪು ಹೊಟ್ಟೆಯ ಚಾರ್ ಮೀನು ಚೆನ್ನಾಗಿಯೇ ಬಿದ್ದಿತ್ತು. ಬೈಕಿಗೆ ಕಟ್ಟಿದ ಗಾಡಿ ತುಂಬ ಮೀನು ಹೇರಿಕೊಂಡು ಬರುವಾಗ ದಿಬ್ಬದ ನೆತ್ತಿಯಲ್ಲಿ ಚಹಕ್ಕೆಂದು ನಿಂತರು. ಆಫಿಯಾ ಬೈಕನ್ನು ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟಳು. ಅವಳ ಕೈಬ್ರೇಕು ಹಿಡಿಯದೆ ಎಷ್ಟೋ ಕಾಲವಾಗಿತ್ತು.

ಚಹ ಕುಡಿದು ಮತ್ತೆ ಹತ್ತಿ, ಗೇರಿನ ಹಿಡಿಯನ್ನು ಮುಂದಕ್ಕೆ ತಳ್ಳಿ, ಎಕ್ಸಿಲರೇಟರ್ ಒತ್ತಿದಳು. ಇಂಜಿನ್ನು ಅಬ್ಬರಿಸಿತು. ಬೈಕು ಮಾತ್ರ ಕದಲಲಿಲ್ಲ.

"ಅತ್ತೆ, ಇದು ಕೂಗುತ್ತೆ, ಹೋಗಲ್ಲ."

ಉಲಾಯುಕ್ ಕಿವಿಯಿಟ್ಟು ಕಣ್ಣು ಮುಚ್ಚಿದ. "ಬೆಲ್ಟ್ ಹರಿದಿದೆ."

"ಇಲ್ಲಿ ಹಸಿರು ದೀಪ ಉರೀತಿದೆ ನೋಡಿ. ನ್ಯೂಟ್ರಲ್ ಅಂತ ತೋರಿಸ್ತಿದೆ. ನಾನು ಗೇರ್ ಹಾಕಿದೀನಿ."

"ನಿನ್ನ ದೀಪಕ್ಕೆ ನೀರು ಹೊಕ್ಕು ತಲೆ ಕೆಟ್ಟಿದೆ, ಸೊಸೆ. ಅದರ ಮಾತು ಕೇಳಬೇಡ. ಸ್ಪಾನರ್ ಕೊಡು."

ಬೆಲ್ಟಿನ ಮುಚ್ಚಳದ ತುಂಬ ಬೋಲ್ಟುಗಳು. ಒಂದೊಂದನ್ನೇ ಬಿಚ್ಚಿ ಆಫಿಯಾಳ ಚಹದ ಲೋಟಕ್ಕೆ ಹಾಕುತ್ತ ಹೋದ. ಗಾಳಿ ಬಿದ್ದುಹೋಗಿ ಸೊಳ್ಳೆಗಳು ಮುತ್ತಿದವು. ಮುಚ್ಚಳ ತೆಗೆದು ನೋಡಿದರೆ ಬೆಲ್ಟು ಎಲ್ಲೂ ಹರಿಯದೆ, ಈಗಷ್ಟೇ ಅಂಗಡಿಯಿಂದ ತಂದಂತೆ ಕೂತಿದೆ.

ಅಷ್ಟು ಹೊತ್ತಿಗೆ ಹಿಂದಿನಿಂದ ಇಸ್ಸಾಕಿ ಬಂದ. ಊರಿನ ರೇಡಿಯೋದಲ್ಲಿ ಸಂಜೆಯ ಕಾರ್ಯಕ್ರಮ ನಡೆಸುವವನು ಅವನೇ. ನಾಯಿ ಕಳೆದುಹೋದದ್ದರಿಂದ ಹಿಡಿದು ಗಂಡ ಮನೆಬಿಟ್ಟು ಹೋದದ್ದರ ತನಕ ಎಲ್ಲ ಸುದ್ದಿಯೂ ಅವನ ಬಾಯಿಂದಲೇ ಹೊರಡಬೇಕು. ಬೈಕು ನಿಲ್ಲಿಸಿ ಪಾಚಿಯ ಮೇಲೆ ಆರಾಮವಾಗಿ ಕೂತ.

"ಏನಾಗಿದೆ?"

"ಕ್ಲಚ್," ಎಂದ ಉಲಾಯುಕ್. ಬೆಲ್ಟಿನ ಸುದ್ದಿಯೇ ಎತ್ತಲಿಲ್ಲ.

"ಪೆಟ್ರೋಲಿಗೆ ನೀರು ಸೇರಿರಬೇಕು."

"ಪೆಟ್ರೋಲ್ ಕೆಟ್ಟಿದ್ರೆ ಇಂಜಿನ್ ಹೀಗೆ ಕೂಗುತ್ತಾ? ನೀನು ಹೋಗಿ ಹವಾಮಾನ ಓದು."

ಮುಚ್ಚಳ ತೆಗೆದಿದ್ದಂತೆಯೇ ಉಲಾಯುಕ್ ಇಂಜಿನ್ನು ಶುರುಮಾಡಿಸಿ ಬಗ್ಗಿ ನೋಡಿದ. ಬೆಲ್ಟಿನ ಮುಂದಿನ ರಾಟೆ ತಿರುಗಿತು, ಬೆಲ್ಟು ಓಡಿತು, ಹಿಂದಿನ ರಾಟೆಯೂ ತಿರುಗಿತು. ಕ್ಲಚ್ಚೂ ಸರಿಯಿದೆ. ಇಲ್ಲಿಯವರೆಗೆ ಬಂದ ಶಕ್ತಿ ಚಕ್ರಕ್ಕೆ ಮುಟ್ಟುತ್ತಿಲ್ಲ. ಉಲಾಯುಕ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಗೇರ್ ಬಾಕ್ಸ್, ಸೊಸೆ. ಒಳಗೆ ಹಲ್ಲು ಉದುರಿಹೋಗಿದೆ. ಇನ್ನು ಮುಂದಿನ ವರ್ಷದ ಹಡಗಿನಲ್ಲಿ ಹೊಸದು ಬರಬೇಕು."

ಆಫಿಯಾಳ ಮುಖ ಬಾಡಿತು. ಬೈಕಿಲ್ಲದೆ ಹಣ್ಣಿನ ಕಾಲ ಕಳೆಯುವುದು ಹೇಗೆ? ಆದರೂ ಕೇಳಿದಳು: "ಹಲ್ಲು ಉದುರಿದ್ರೆ ಸದ್ದು ಆಗ್ಬೇಕಲ್ವಾ ಅತ್ತೆ? ನನ್ನದೊಂದು ಉದುರಿದಾಗ ಇಡೀ ಊರಿಗೆ ಕೇಳೋ ಹಂಗೆ ಕಿರುಚಿದ್ದೆ. ಇದು ಕಟ್ ಅಂತಲೂ ಅನ್ಲಿಲ್ಲ."

"ಕೆಲವು ಸದ್ದಿಲ್ಲದೆ ಉದುರ್ತವೆ."

"ನಿಮಗೆ ಹೇಗೆ ಗೊತ್ತು?"

"ನಿನ್ನ ಅತ್ತೆ ನಾನು. ನನಗೆ ಗೊತ್ತಿರುತ್ತೆ."

ಇನ್ನು ಎಳೆದುಕೊಂಡು ಹೋಗುವುದೇ ಸರಿ ಎಂದು ತೀರ್ಮಾನವಾಯಿತು. ಮೀನಿನ ಗಾಡಿಯನ್ನು ಬಿಚ್ಚಿ ಉಲಾಯುಕ್‌ನ ಬೈಕಿಗೆ ಕಟ್ಟಿದರು. ಆಮೇಲೆ ಅವನು ಹಗ್ಗ ಹಾಕಲು ಕೆಂಪು ಬೈಕಿನ ಹಿಂದೆ ಬಗ್ಗಿದ.

"ಈ ಕಲ್ಲು ಕಾಲಿಗೆ ಅಡ್ಡ ಬರ್ತಿದೆ. ಗೇರನ್ನ ಪಾರ್ಕಿಗೆ ಹಾಕು, ಚಕ್ರ ಕಚ್ಚಿಕೊಳ್ಳುತ್ತೆ."

ಆಫಿಯಾ ಪಕ್ಕದಲ್ಲಿ ನಿಂತೇ ಹಿಡಿಯನ್ನು ಪಾರ್ಕಿಗೆ ತಂದಳು. "ಹಾಕಿದೀನಿ. ಆದ್ರೂ ಕಲ್ಲು ತೆಗೀಬೇಡಿ ಅತ್ತೆ."

"ಪಾರ್ಕಿಗೆ ಹಾಕಿದ ಮೇಲೆ ದೇವರು ಬಂದು ತಳ್ಳಿದ್ರೂ ಹೋಗಲ್ಲ," ಎಂದು ಉಲಾಯುಕ್ ಪಕ್ಕಕ್ಕೆ ಸರಿದು ಕಲ್ಲನ್ನು ಒದ್ದ.

ದೇವರು ಬರುವ ಅಗತ್ಯವೇನೂ ಬೀಳಲಿಲ್ಲ. ಬೈಕು ಮೆಲ್ಲಗೆ ಹಿಂದಕ್ಕೆ ಹೊರಟಿತು, ಆಮೇಲೆ ತುಸು ಬೇಗ, ಆಮೇಲೆ ಕುಣಿಯುತ್ತ. ಉಲಾಯುಕ್ ಹೊಟ್ಟೆ ಹಿಡಿದುಕೊಂಡು ಬೆನ್ನಟ್ಟಿದ. ದಿಬ್ಬದ ಕೆಳಗಿನ ಕೆಸರು ಹೊಂಡದಲ್ಲಿದ್ದ ಬಾತುಗಳು ದಾರಿ ಬಿಟ್ಟು ಹಾರಿದವು. ಬೈಕು ಅವುಗಳ ಜಾಗದಲ್ಲಿ ಹೋಗಿ ಸುಮ್ಮನೆ ಕುಳಿತುಕೊಂಡಿತು. ಇಸ್ಸಾಕಿ ಪಾಚಿಯ ಮೇಲೆ ಬಿದ್ದುಬಿದ್ದು ನಗುತ್ತಿದ್ದ.

"ಪಾರ್ಕಿಗೆ ಹಾಕಿದ್ದೆ ತಾನೆ?" ಉಲಾಯುಕ್ ಕೆಳಗಿನಿಂದ ಕೂಗಿದ.

"ಹಾಕಿದ್ದೆ. ಹಿಡಿ ಇನ್ನೂ ಅಲ್ಲೇ ಇರಬೇಕು, ನೋಡಿ."

ಮೊಳಕಾಲುದ್ದದ ನೀರಿಗಿಳಿದು ನೋಡಿದ. ಹಿಡಿ ಪಾರ್ಕಿನಲ್ಲೇ ಇತ್ತು. ಕೀಲಿ ತಿರುಗಿಸಿದ. ಹಸಿರು ದೀಪ ನ್ಯೂಟ್ರಲ್ ಎಂದು ಉರಿಯಿತು. ಉಲಾಯುಕ್ ಹಿಡಿಯನ್ನು ನೋಡಿದ, ದೀಪವನ್ನು ನೋಡಿದ. ಹಿಡಿಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿದ. ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಆಡಿತು. ಮೇಲೆ ಹಿಡಿ ಒಂದು ಹೇಳುತ್ತಿದೆ, ಒಳಗೆ ಗೇರ್ ಬಾಕ್ಸಿಗೆ ಅದು ಕೇಳಿಸುತ್ತಲೇ ಇಲ್ಲ. ತೋಳು ಮಡಿಸಿ ಬೈಕಿನ ಹೊಟ್ಟೆಯ ಕೆಳಗೆ ಕೈಹಾಕಿ ತಡಕಿದ. ಹಿಡಿಯಿಂದ ಗೇರ್ ಬಾಕ್ಸಿಗೆ ಹೋಗುವ ರಾಡು ಒಂದು ತುದಿ ಕಳಚಿಕೊಂಡು ಜೋತಾಡುತ್ತಿತ್ತು. ಅದನ್ನು ಹಿಡಿದಿರಬೇಕಾದ ಪುಟ್ಟ ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಕೈಯಿಂದಲೇ ರಾಡನ್ನು ತೂತಿಗೆ ಕೂರಿಸಿ ಹಿಡಿ ಎಳೆದ. ಕಟ್ ಎಂದು ಗೇರು ಬಿತ್ತು.

ಮುದುಕಿ ಕೋಲೂರಿಕೊಂಡು ಹೊಂಡದ ಅಂಚಿಗೆ ಬಂದಳು. "ಹಲ್ಲು ಸಿಕ್ತಾ ಅತ್ತೆ?"

"ಹಲ್ಲು ಎಲ್ಲ ಇದೆ. ಪಿನ್ ಇಲ್ಲ."

"ಎಲ್ಲಿ ಹೋಯ್ತು?"

ಉಲಾಯುಕ್‌ನ ಕಿವಿ ಕೆಂಪಾಯಿತು. ಹಿಂದಿನ ವಾರ ಬೈಕಿನ ಕೆಳಗಡೆ ತೊಳೆದು ಗ್ರೀಸು ಹಚ್ಚಿದವನು ಅವನೇ. ರಾಡು ಕಳಚಿ, ತೊಳೆದು, ಪಿನ್ನು ತೂರಿಸಿದ್ದ. ಅದರ ಕಾಲುಗಳನ್ನು ಬಾಗಿಸಿ ಮಡಿಸಬೇಕು ಎನ್ನುವಷ್ಟರಲ್ಲಿ ಆಫಿಯಾ ಒಳಗಿನಿಂದ ಮೀನಿನ ಸಾರಿಗೆ ಕರೆದಿದ್ದಳು. ಎದ್ದು ಹೋಗಿದ್ದ. ಸಾರು ಚೆನ್ನಾಗಿತ್ತು. ಮಡಿಸದ ಪಿನ್ನು ಇಷ್ಟು ದಿನ ಅದರುತ್ತ ಅದರುತ್ತ, ಇವತ್ತು ಚಹ ಕುಡಿಯುವ ಜಾಗದಲ್ಲಿ ಕೈಬಿಟ್ಟಿತ್ತು.

"ಪಿನ್ ಕೆಟ್ಟ ಕಬ್ಬಿಣದ್ದು..." ಎಂದು ಶುರುಮಾಡಿದ. ನಿಲ್ಲಿಸಿದ. ದಡದಲ್ಲಿ ಸೊಸೆ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬೋಲ್ಟು ತುಂಬಿದ ಲೋಟ ಹಿಡಿದು ನಿಂತಿದ್ದಳು. ಮುಖದ ತುಂಬ ಸೊಳ್ಳೆ ಕಚ್ಚಿದ ಗುಳ್ಳೆ.

"ನಾನೇ ಮಡಿಸಿಲ್ಲ," ಎಂದ. "ತಪ್ಪು ನಂದೇ, ಸೊಸೆ."

ಆಫಿಯಾ ಲೋಟವನ್ನು ಕೆಳಗಿಟ್ಟು, ಕೋಲನ್ನು ಕೆಳಗಿಟ್ಟು, ಒಂದು ಬಂಡೆಯ ಮೇಲೆ ಕೂತಳು. ಇಸ್ಸಾಕಿ ಓಡಿ ಬಂದು, "ಏನಾಯ್ತು ಅಜ್ಜಿ? ತಲೆ ಸುತ್ತುತ್ತಾ?" ಎಂದು ಕೇಳಿದ.

"ಸುಮ್ನಿರು," ಎಂದಳು ಆಫಿಯಾ ಕಣ್ಣೊರೆಸಿಕೊಂಡು. "ನಮ್ಮತ್ತೆ ಇದನ್ನ ಹೇಳ್ಲಿ ಅಂತ ಮದುವೆಯಾದಾಗಿನಿಂದ ಕಾದಿದೀನಿ. ಆಕೆ ಸತ್ತು, ಹುಟ್ಟಿ, ಗಡ್ಡ ಬಂದ ಮೇಲೆ ಹೇಳಿದ್ಲು. ಇನ್ನೊಂದ್ಸಲ ಹೇಳಿ ಅತ್ತೆ, ಈ ಕಿವಿ ಸ್ವಲ್ಪ ಮಂದ."

ನೀರಿನಲ್ಲಿ ನಿಂತೇ ಉಲಾಯುಕ್ ಇನ್ನೊಂದು ಸಲ ಹೇಳಿದ. ಆಮೇಲೆ ದೊಡ್ಡದೊಂದು ಮೀನಿನ ಗಾಳವನ್ನು ಇಕ್ಕಳದಿಂದ ನೆಟ್ಟಗೆ ಮಾಡಿ ಪಿನ್ನಿನ ತೂತಿಗೆ ತೂರಿಸಿದ. ಎರಡು ತುದಿಗಳನ್ನೂ ಮಡಿಸಿ, ಮಡಿಸಿದ್ದನ್ನು ಸೊಸೆಗೆ ಬೆರಳು ಮುಟ್ಟಿಸಿ ತೋರಿಸಿದ. ಮೂವರೂ ಸೇರಿ ಬೈಕನ್ನು ದಡಕ್ಕೆ ತಳ್ಳಿದರು. ನೀರು ಸುರಿಸಿಕೊಂಡು ಬೆಲ್ಟು ಒಣಗಿ, ಲೋಟದ ಬೋಲ್ಟುಗಳೆಲ್ಲ ಮುಚ್ಚಳಕ್ಕೆ ಮರಳಿದ ಮೇಲೆ ಅದು ದಿಬ್ಬ ಹತ್ತಿತು.

ಆ ಸಂಜೆ ಇಸ್ಸಾಕಿ ರೇಡಿಯೋದಲ್ಲಿ ಹವಾಮಾನ ಓದುವುದನ್ನೇ ಮರೆತು ಇಡೀ ಕಥೆ ಹೇಳಿದ. ಬಾತುಗಳು ಹಾರಿದ ಭಾಗವನ್ನು ಜನ ಫೋನು ಮಾಡಿ ಮತ್ತೆ ಕೇಳಿದರು. ಆಮೇಲೆ ಯಾರೋ ಒಬ್ಬ ಹೆಂಗಸು ಫೋನು ಮಾಡಿ, "ಅಲ್ಲಪ್ಪ, ಹಿಂದಿನ ವಾರ ಅವನು ನಮ್ಮ ಬೈಕಿಗೂ ಗ್ರೀಸು ಹಚ್ಚಿದ್ದ," ಎಂದಳು.

ಮರುದಿನ ಬೆಳಿಗ್ಗೆ ಊರಿನ ಬೀದಿಯಲ್ಲಿ ಎಲ್ಲಿ ನೋಡಿದರೂ ಬೈಕುಗಳ ಕೆಳಗಿನಿಂದ ಕಾಲುಗಳು ಚಾಚಿಕೊಂಡಿದ್ದವು. ಪಾದ್ರಿಯವರ ಕಾಲೂ ಅದರಲ್ಲಿತ್ತು. ಉಲಾಯುಕ್ ಇಕ್ಕಳ ಹಿಡಿದು ಮನೆಯಿಂದ ಮನೆಗೆ ಹೋಗಿ, ಯಾರೂ ಕೇಳದಿದ್ದರೂ ಬಗ್ಗಿ, ಪ್ರತಿಯೊಂದು ಪಿನ್ನನ್ನೂ ಮುಟ್ಟಿ ನೋಡಿದ. ಎಷ್ಟು ಪಿನ್ನು ಮಡಿಸಿತ್ತು, ಎಷ್ಟು ಮಡಿಸಿರಲಿಲ್ಲ ಎಂಬುದನ್ನು ರೇಡಿಯೋದಲ್ಲಿ ಬಂದು ಹೇಳು ಎಂದು ಇಸ್ಸಾಕಿ ಅವನನ್ನು ಎಷ್ಟೋ ಗೋಗರೆದ. ಉಲಾಯುಕ್ ಬಾಯಿ ಬಿಡಲಿಲ್ಲ.