ಹಿಪ್ಪೆ ಮೇಷ್ಟ್ರು

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಿಪ್ಪೆ ಮೇಷ್ಟ್ರು ಎಂದೇ. ಆ ಮುಖದಲ್ಲಿ ನಗು ಕಂಡವರಿಲ್ಲ. ರಸ ಹಿಂಡಿ ಬಿಸಾಕಿದ ಕಬ್ಬಿನ ಹಿಪ್ಪೆಯನ್ನು ನೆನೆಸಿ, ನಾರನ್ನು ಬಿಗಿದು ಹಿಡಿದ ಅಂಟನ್ನು ಕರಗಿಸಿ, ಇಂಧನಕ್ಕೆ ಅಣಿಮಾಡುವುದು ಅವರ ಇಪ್ಪತ್ತು ವರ್ಷಗಳ ಕೆಲಸ. ಉಗ್ರ ಆಮ್ಲಗಳನ್ನು ಕಂಡರಾಗದು; ಕೈ ಸುಡದ, ಮಣ್ಣು ಕೆಡಿಸದ ದ್ರಾವಣವೇ ಆಗಬೇಕು. "ಅವಸರ ಮಾಡಿದ್ರೆ ಅದೂ ಮುನಿಸ್ಕೊಳ್ಳುತ್ತೆ ಕಣ್ರೀ" ಎನ್ನುತ್ತಾ, ಹಾಲು ಉಕ್ಕೀತೆಂದು ಒಲೆ ಕಾಯುವವರ ಹಾಗೆ ಜಾಡಿಯ ಮುಂದೆ ಕೂರುತ್ತಾರೆ. ಒಣ ಹಿಪ್ಪೆಯ ಚೀಲವನ್ನು ನೀರು ಚಿಮುಕಿಸದೆ ಯಾರಾದರೂ ಬಿಚ್ಚಿದರೋ, ಬಿಚ್ಚಿದವರ ಏಳು ತಲೆಮಾರಿಗೂ ಬೈಗುಳ. ಲೆಕ್ಕದಲ್ಲಂತೂ ಕೂದಲು ಸೀಳುವ ಮನುಷ್ಯ. ಅಂಟು ಕರಗಿದ್ದು ನೂರಕ್ಕೆ ಅರವತ್ತೊಂದೂವರೆ ಎಂದಿದ್ದರೆ, ಅರವತ್ತೆರಡು ಎಂದು ಬರೆದವರಿಗೆ ಉಳಿಗಾಲವಿಲ್ಲ: "ಆ ಅರ್ಧ ನಿಮ್ಮಪ್ಪನ ಮನೆಯಿಂದ ತಂದ್ರಾ?" ಸಂಜೆ ಮನೆಗೆ ಹೋದರೆ, ಚಪ್ಪಲಿ ಬಿಡುವ ಮುಂಚೆಯೇ ಕಿಟಕಿ ಪಕ್ಕದ ಮಂಚದಿಂದ ಅಣ್ಣನ ಪ್ರಶ್ನೆ. ತಮ್ಮನನ್ನು ಓದಿಸಲೆಂದು ಸಕ್ಕರೆ ಕಾರ್ಖಾನೆ ಸೇರಿ, ಮೂವತ್ತು ವರ್ಷ ಒಣ ಹಿಪ್ಪೆ ಹೊತ್ತವನು ಅವನು. ಆ ದೂಳೆಲ್ಲ ಈಗ ಅವನ ಎದೆಯಲ್ಲಿ ಕೂತಿದೆ, ಮೂಗಿಗೆ ಆಮ್ಲಜನಕದ ನಳಿಕೆ ಬಂದಿದೆ. ಮಾತಿಗೊಮ್ಮೆ ಉಸಿರು ಎಳೆದುಕೊಂಡು ಕೇಳುತ್ತಾನೆ: "ಇವತ್ತಿಂದು... ಕರಗ್ತೇನೋ?" ಮೇಷ್ಟ್ರು ಬಗ್ಗಿ ನಳಿಕೆಯನ್ನು ಸರಿಮಾಡುತ್ತಾ, "ಪೂರ್ತಿ ಕರಗ್ತಣ್ಣ, ಒಂದು ಚೂರೂ ಉಳೀಲಿಲ್ಲ" ಎನ್ನುತ್ತಾರೆ.