ಚಕ್ಕೆ ಹಾರಿದ ಕಾಡಿಗೆ ಭರಣಿ

ಮೆಂಫಿಸಿನ ಗುಡಿಯ ಕಾರ್ಖಾನೆಯಲ್ಲಿ ಹಾಲುಗಲ್ಲಿನ ಕಾಡಿಗೆ ಭರಣಿ ಕೊರೆಯುವ ಪೆನ್ಬುಯಿಯ ಜಂಬ ಹೊರಲು ಎರಡು ಕತ್ತೆ ಬೇಕು. ಬೆಳಿಗ್ಗೆ ಬಂದವನೇ ಬೈರಿಗೆಗೆ ಕೈಮುಗಿಯುತ್ತಾನೆ, ಕಲ್ಲು ಕೊರೆಯಲು ಬೈರಿಗೆಯಡಿ ಹಾಕುವ ಮರಳನ್ನು ಚಿಟಿಕೆಯಷ್ಟು ನಾಲಿಗೆಗಿಟ್ಟು, "ಥೂ, ಸಪ್ಪೆ! ಬೇರೆ ತನ್ನಿ" ಎನ್ನುತ್ತಾನೆ. ಮುಗಿದ ಭರಣಿಯನ್ನು ಬಿಸಿಲಿಗೆ ಹಿಡಿದರೆ ಒಳಗಿಟ್ಟ ಕಿರುಬೆರಳು ಹೊರಗೆ ಕಾಣಬೇಕು, ಇಲ್ಲದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಪಕ್ಕದವನ ಕಲ್ಲು ಚಟ್ಟೆಂದರೆ ಸಾಕು, "ಮೂವತ್ತು ವರ್ಷ ಆಯ್ತಪ್ಪಾ, ನನ್ ಕೈಲಿ ಒಂದು ಚಕ್ಕೆ ಹಾರಿಲ್ಲ!" ಎಂದು ಶುರುಮಾಡುತ್ತಾನೆ. ರಾಣಿವಾಸದ ಕಣ್ಣುಗಳೆಲ್ಲ ತನ್ನಿಂದಲೇ ಹೊಳೆಯುತ್ತಿವೆ ಎಂದೇ ಅವನ ನಂಬಿಕೆ. ಅವನ ಹೆಂಡತಿ ಹೆನುತ್ ಮಾತ್ರ ಕಾಡಿಗೆಯನ್ನು ಜೊಂಡಿನ ಕೊಳವೆಯಲ್ಲಿಡುತ್ತಾಳೆ. ಗುಡಿಯ ಕಲ್ಲು ಗುಡಿಗೇ ಸೇರಬೇಕು, ಕೆಟ್ಟುಹೋದದ್ದಷ್ಟೇ ಕೊರೆದವನ ಪಾಲು; ಪೆನ್ಬುಯಿಯ ಕೈಯಲ್ಲಿ ಕೆಟ್ಟರೆ ತಾನೆ! ಹಾಗಾಗಿಯೇ ನಿನ್ನೆ ಅವನ ಭರಣಿಯ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಹಾರಿದ್ದನ್ನು ಮೇಸ್ತ್ರಿ ಎತ್ತಿ ತೋರಿಸಿದಾಗ ಕಾರ್ಖಾನೆಯೇ ಬಿದ್ದು ಬಿದ್ದು ನಕ್ಕಿತು. "ಏನಣ್ಣಾ, ಕೈ ನಡುಗ್ತಾ?" ಎಂದು ಪಕ್ಕದವನು ಕೆಣಕಿದ. "ನಡುಗ್ತು ಕಣೋ, ಏನೀಗ?" ಎಂದ ಪೆನ್ಬುಯಿ, ಯುದ್ಧ ಗೆದ್ದ ಸೇನಾಪತಿಯಂತೆ ಎದೆಯುಬ್ಬಿಸಿ, ಆ ಭರಣಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಬೀದಿಯುದ್ದಕ್ಕೂ ಮೆರೆಯುತ್ತ ಮನೆಗೆ ಬಂದ. ಹೆನುತ್ ಅಂಚಿನ ಮೇಲೆ ಬೆರಳಾಡಿಸಿದಳು. "ಇದೇನ್ರೀ, ಒಡೆದ ಜಾಗಾನೂ ಇಷ್ಟು ನುಣ್ಣಗಿದೆ?" "ಮತ್ತೆ? ನಿನ್ ಬೆರಳಿಗೆ ತರಚಬಾರದಲ್ಲ," ಎಂದ ಪೆನ್ಬುಯಿ, "ಮೂರು ದಿನ ಉಜ್ಜಿದೀನಿ."