ನೋಡಿ ಬರೆದವಳು

ಹನ್ನೆರಡು ವರ್ಷ ನಾನು ಒಂದೇ ಪ್ರಬಂಧವನ್ನು ತಿದ್ದುತ್ತ ಬಂದೆ. ಅದರ ಕರ್ತೃ ನಾನೇ ಎಂಬುದು ಮಾತ್ರ ತಡವಾಗಿ ತಿಳಿಯಿತು.

ಅಥಣಿ ತಾಲೂಕಿನ ಸತ್ತಿಯ ಹತ್ತಿರದ ಒಂದು ಊರಿನ ಪ್ರೌಢಶಾಲೆಯಲ್ಲಿ ನಾನು ಕನ್ನಡ ಟೀಚರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ‘ನಮ್ಮ ಊರು’ ಎಂಬ ಪ್ರಬಂಧವನ್ನು ಭಾರಿ ಉತ್ಸಾಹದಿಂದ ಹಲಗೆಯ ಮೇಲೆ ಬರೆದು ಮಕ್ಕಳ ನೋಟುಬುಕ್ಕಿಗೆ ಇಳಿಸಿದ್ದೆ. ರಮಣೀಯ, ನಯನಮನೋಹರ, ಕಂಗೊಳಿಸುವ, ಯಾವುದನ್ನೂ ಬಿಟ್ಟಿರಲಿಲ್ಲ. ಆ ನೋಟುಬುಕ್ಕು ಅಕ್ಕನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ ನಡೆದುಬಂದಿದೆ ಎಂದು ನನಗೆ ಗೊತ್ತಾಗಿದ್ದು ಕಳೆದ ವರ್ಷ, ನಲವತ್ತು ಮಕ್ಕಳೂ ‘ಆಹ್ಲಾದಕರ’ವನ್ನು ‘ಅಲ್ಹಾದಕರ’ ಎಂದು ಬರೆದಾಗ. ಸಿಟ್ಟಿನಿಂದ ಕೆಂಪು ಗೆರೆ ಎಳೆಯುತ್ತ ಹೋದವಳು, ನನ್ನ ಹಳೆಯ ಟಿಪ್ಪಣಿ ತೆಗೆದು ನೋಡಿದೆ. ಅಲ್ಲೂ ಅಲ್ಹಾದಕರವೇ! ಪೆನ್ನು ಕೆಳಗಿಟ್ಟೆ.

ಮರುದಿನ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿ, ಇನ್ನು ಮೇಲೆ ‘ಸುಂದರ’ ಎಂದು ಯಾರೂ ಬರೆಯಕೂಡದು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂದೆ. ಎಲ್ಲರೂ ಗಾಬರಿಯಾದರು. ಹಿಂದಿನ ಸಾಲಿನಿಂದ ತ್ರಿಶಲಾ ಎದ್ದು ನಿಂತಳು. ದ್ರಾಕ್ಷಿ ಬೆಳೆಯುವ ಮನೆಯ ಹುಡುಗಿ, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ.

“ಅಕ್ಕೋರ, ಖರೇ ಬರದ್ರ ಮಾರ್ಕ್ಸ್ ಕೊಡ್ತೀರೇನ್ರಿ?”

ಈ ಪ್ರಶ್ನೆಗೆ ನಾನು ನಾಚಿಕೊಂಡೆ. ಕೊಡ್ತೀನಿ ಎಂದೆ.

ಮೊದಲ ವಾರದ ಫಲ ‘ಬೇವಿನ ಮರ ಇದೆ, ಅದಕ್ಕೆ ಎಲೆಗಳಿವೆ’ ಎಂಬಷ್ಟೇ ಆಗಿತ್ತು. ನಮ್ಮ ಹಳೆಯ ಕಾವ್ಯಗಳಿಗೆ ಹದಿನೆಂಟು ವರ್ಣನೆಗಳ ಪಟ್ಟಿಯಿತ್ತು. ಸಮುದ್ರ, ಪರ್ವತ, ಚಂದ್ರೋದಯ, ಹೀಗೆ. ಕೃಷ್ಣೆಯ ದಂಡೆಯಲ್ಲಿ ಸಮುದ್ರವನ್ನು ಎಲ್ಲಿಂದ ತರೋಣ? ಪಟ್ಟಿ ಬಿಟ್ಟು ಎರಡೇ ಪ್ರಶ್ನೆ ಇಟ್ಟುಕೊಂಡೆ. ಯಾರಾದರೂ ‘ಅಜ್ಜಿಗೆ ಸಿಟ್ಟು ಬಂತು’ ಎಂದು ಬರೆದರೆ, “ನಿನಗ ಹೆಂಗ ಗೊತ್ತಾತು?” ಎಂದು ಕೇಳುತ್ತಿದ್ದೆ. “ತಾಟು ಸಪ್ಪಳಾ ಮಾಡಿ ಇಟ್ಟಳ್ರಿ” ಎಂಬ ಉತ್ತರ ಬರುತ್ತಿತ್ತು. “ಅದನ್ನ ಬರಿ. ಆಮ್ಯಾಲೆ ಏನಾತು?” ಇಷ್ಟೇ ನನ್ನ ಬೋಧನಾಶಾಸ್ತ್ರ. ಆದರೆ ಮೂರು ತಿಂಗಳಲ್ಲಿ ನೋಟುಬುಕ್ಕುಗಳಿಗೆ ಜೀವ ಬಂತು, ತಿದ್ದಲು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಆಗಲೇ ಅಥಣಿಯಲ್ಲಿ ಪ್ರಬಂಧ ಸ್ಪರ್ಧೆ ಬಂತು. ತ್ರಿಶಲಾಳನ್ನು ಕರೆದುಕೊಂಡು ಹೋದೆ. ವಿಷಯ: ‘ನಾನು ಕಂಡ ಒಂದು ದೃಶ್ಯ’. ಅವಳು ಬರೆದದ್ದು ಒಣದ್ರಾಕ್ಷಿಯ ಶೆಡ್ಡಿನ ಬಗ್ಗೆ. ಬಲೆಯ ಮೇಲೆ ಹರಡಿದ ದ್ರಾಕ್ಷಿ ಇನ್ನೂ ಒಣಗಿಲ್ಲ, ಅಷ್ಟರಲ್ಲಿ ಅಕಾಲದ ಮಳೆ ಬರುತ್ತದೆ. ಶೆಡ್ಡಿನ ಬದಿಗೆ ತಾಡಪತ್ರಿ ಇಳಿಬಿಡಲು ಮನೆಮಂದಿಯೆಲ್ಲ ಓಡುತ್ತಾರೆ. ಕೊನೆಯಲ್ಲಿ ಮುತ್ಯಾ, ಅಂದರೆ ಅಜ್ಜನ ಬಗ್ಗೆ ಹೀಗಿತ್ತು: “ಎಲ್ಲರಿಗಿಂತ ಮುಂದೆ ನಮ್ಮ ಮುತ್ಯಾ ಓಡಿದರು. ಅವರು ಕೋಲಿಲ್ಲದೆ ಹಿತ್ತಲಿಗೂ ಹೋಗುವುದಿಲ್ಲ. ಮಳೆ ನಿಂತಿತು. ದ್ರಾಕ್ಷಿ ಉಳಿಯಿತು. ಆಮೇಲೆ ಮುತ್ಯಾ ಅಲ್ಲೇ ನಿಂತು, ನನ್ನ ಕೋಲು ಎಲ್ಲಿ ಎಂದು ಕೇಳಿದರು.”

ತೀರ್ಪುಗಾರರು ನಿವೃತ್ತ ಮಾಸ್ತರರು. ನಮ್ಮಿಬ್ಬರನ್ನೂ ಕರೆದು ಹಾಳೆಯನ್ನು ಮೇಜಿನ ಮೇಲಿಟ್ಟರು.

“ಟೀಚರ, ಇದು ಹುಡುಗಿ ಬರದದ್ದಲ್ಲ. ನೀವ ಬಾಯಿಪಾಠ ಮಾಡಿಸೀರಿ.”

ಹನ್ನೆರಡು ವರ್ಷ ಮಕ್ಕಳು ನಿಜವಾಗಿಯೂ ನನ್ನದನ್ನೇ ಬಾಯಿಪಾಠ ಮಾಡಿ ಬರೆದರು, ಒಬ್ಬರೂ ಅನುಮಾನಿಸಲಿಲ್ಲ. ಅದನ್ನು ಬಿಡಿಸಿದ ಮೇಲೆ ಸಿಕ್ಕಿಬಿದ್ದೆ! ಅವರು ತ್ರಿಶಲಾಳ ಕಡೆ ತಿರುಗಿದರು.

“ಖರೇ ಹೇಳ ತಂಗಿ, ಯಾರನ್ನ ನೋಡಿ ಬರದಿ?”

“ನಮ್ಮ ಮುತ್ಯಾನ್ನ ನೋಡಿ ಬರದೀನ್ರಿ.”

ಮಾಸ್ತರರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಬಿಳಿ ಹಾಳೆ ಕೊಟ್ಟು, “ಹಂಗಾದ್ರ ಈಗ ಈ ಖೋಲಿ ನೋಡಿ ಬರಿ” ಎಂದರು. ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಬರೆದಳು. ಅವರು ಗಟ್ಟಿಯಾಗಿ ಓದತೊಡಗಿದರು.

“ಈ ಖೋಲಿಯಲ್ಲಿ ಮೂರು ಫ್ಯಾನುಗಳಿವೆ. ಒಂದೇ ತಿರುಗುತ್ತದೆ. ಸರ್ ಅದರ ಕೆಳಗೆ ಕುಳಿತಿದ್ದಾರೆ. ನಮ್ಮ ಅಕ್ಕೋರು ಬಾಗಿಲ ಹತ್ತಿರ ನಿಂತಿದ್ದಾರೆ. ಸೆರಗಿನ ತುದಿಯನ್ನು ನಾಲ್ಕು ಸಲ ಬೆರಳಿಗೆ ಸುತ್ತಿ ನಾಲ್ಕು ಸಲ ಬಿಚ್ಚಿದರು. ಪರೀಕ್ಷೆ ನನಗೆ. ಹೆದರಿಕೆ ಅವರಿಗೆ.”

ಮಾಸ್ತರರು ನನ್ನ ಬೆರಳಿನ ಕಡೆ ನೋಡಿದರು. ಸೆರಗು ಇನ್ನೂ ಅಲ್ಲೇ ಇತ್ತು. ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡು, “ತಪ್ಪಾತ್ರಿ ಟೀಚರ” ಎಂದು ನನಗೆ ಕೈಮುಗಿದರು. ಮೊದಲ ಬಹುಮಾನ ಕೊಡುವಾಗ ಎರಡೂ ಹಾಳೆಗಳನ್ನು ಇಡೀ ಸಭೆಗೆ ಓದಿ ಹೇಳಿದರು. ಮುತ್ಯಾ ಕೋಲು ಕೇಳಿದಲ್ಲಿ ಚಪ್ಪಾಳೆ ಬಿತ್ತು. ನನ್ನ ಸೆರಗಿಗೆ ಸಿಳ್ಳೆಯೇ ಬಂತು. ಯಾವ ರಾಣಿಯೂ ಅಷ್ಟು ಎದೆಯೆತ್ತಿ ಕೂತಿರಲಾರಳು, ಹಾಗೆ ಕೂತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ತ್ರಿಶಲಾ ಮೆಲ್ಲಗೆ, “ಸಿಟ್ಟ ಬಂತೇನ್ರಿ ಅಕ್ಕೋರ?” ಎಂದಳು.

“ಸಿಟ್ಟಿಲ್ಲ. ಆದ್ರ ನಾಕ ಸಲ ಅಂತ ಬರದಿಯಲ್ಲ, ಅದು ತಪ್ಪು. ನಾ ಸುತ್ತಿದ್ದು ಎರಡ ಸಲ” ಎಂದೆ, ಟೀಚರಿನ ಚಟ ಬಿಡದೆ.

“ನಾಕರೀ. ನಾ ಎಣಿಸೀನಿ.”

ಹಾಗೆಂದು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಕೂತಳು. ನಾಲ್ಕೇ ಇರಬೇಕೆಂದು ಒಪ್ಪಿಕೊಂಡೆ. ಸೋತು ಇಷ್ಟು ಖುಷಿಪಟ್ಟ ದಿನ ನನ್ನ ನೌಕರಿಯಲ್ಲಿ ಬೇರೊಂದಿಲ್ಲ.